ಯಾರದ್ದೂ ಅಲ್ಲದ ಚಾವಣಿ

ಪಾರ್ಕ್ ಮಧ್ಯದ ಹಳೇ ಕಟ್ಟಡಕ್ಕೆ ಮರುಜನ್ಮ ಕೊಡ್ತೀವಿ ಅಂತ ಹೊರಟಿದ್ದ ಸಮಿತಿನ ನೋಡಿದ್ರೆ, ಯಾವ ಕಟ್ಟಡಕ್ಕಾದ್ರೂ ಇದ್ದಲ್ಲೇ ಕುಸಿದು ಬೀಳೋದೇ ವಾಸಿ ಅನ್ನಿಸ್ಬೇಕು. ಆವತ್ತು ಸಂಜೆ ಮೀಟಿಂಗು. ಅಧ್ಯಕ್ಷರು ಒಳಗೆ ಬಂದ ಸ್ಟೈಲಿಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಒಂದು ಬಾಕಿ. ಹಲ್ಲಿನ ಡಾಕ್ಟರಾಗಿ ರಿಟೈರ್ ಆದೋರು. ಈಗ್ಲೂ ಯಾರಾದ್ರೂ ಬಾಯಿ ತೆಗೆದ್ರೆ ಏನೋ ಕೀಳೋ ಹಾಗೇ ನೋಡ್ತಾರೆ.

ಕೊನೇ ಸಾಲಲ್ಲಿ ಮಿಸ್ ಕೂತಿದ್ಲು. ಇದೇ ಕಟ್ಟಡದ ಒಂದು ರೂಮಲ್ಲಿ, ಕೆಲಸಕ್ಕೆ ಹೋಗೋ ಅಮ್ಮಂದಿರ ಮಕ್ಕಳನ್ನ ನೋಡ್ಕೊಳ್ಳೋಳು. ಅದಕ್ಕೇ ಎಲ್ಲರಿಗೂ ಮಿಸ್. ಚಾವಣಿ ಸೋರಿದಾಗೆಲ್ಲ ಮಕ್ಕಳ ಹಾಸಿಗೆಗಳನ್ನ ಆ ಮೂಲೆಯಿಂದ ಈ ಮೂಲೆಗೆ ಎಳೆದು ಎಳೆದು ಅವಳ ಸೊಂಟ ಬಿದ್ದುಹೋಗಿತ್ತು. ಮಳೆ ಜೋರಾದ್ರೆ ಅರ್ಧ ಮನೆಯವರು ಮಕ್ಕಳನ್ನ ಕಳಿಸ್ತಿರ್ಲಿಲ್ಲ. ಇನ್ನೊಂದು ಮಳೆಗಾಲ ಹಿಂಗೇ ಆದ್ರೆ ಬಾಗಿಲು ಮುಚ್ಚೋದೇ. ಚಾವಣಿ ಆಗುತ್ತೆ ಅನ್ನೋ ಒಂದೇ ಆಸೆಗೆ ಈ ನಾಟಕ ನೋಡೋಕೆ ಬಂದಿದ್ಲು.

ಈ ಸಮಿತಿದು ಒಂದು ಪದ್ಧತಿ. ಒಬ್ಬ ಸದಸ್ಯ, ಒಂದು ಸೂಚನೆ. ಹೇಳಿದ ತಕ್ಷಣ ಉಳಿದೋರು ಚಪ್ಪಾಳೆ ತಟ್ತಾರೆ. ಚಪ್ಪಾಳೆ ಬಿತ್ತು ಅಂದ್ರೆ ಮುಗೀತು, ಅದನ್ನ ಇನ್ಯಾರೂ ಮುಟ್ಟೋ ಹಾಗಿಲ್ಲ. ನಿಂದು ನಾನು ಮುಟ್ಟಿದ್ರೆ ನಂದು ನೀನು ಮುಟ್ತೀಯಲ್ಲ, ಆ ಭಯ. ಇದಕ್ಕೆ ಅವರಿಟ್ಟಿದ್ದ ಹೆಸರು ಒಗ್ಗಟ್ಟು.

ಅಧ್ಯಕ್ಷರು ತಾನಾಗೇ ತೆರ್ಕೊಳ್ಳೋ ಗಾಜಿನ ಬಾಗಿಲು ಕೇಳಿದ್ರು. ಚಪ್ಪಾಳೆ. ಸಂಗೀತದ ಮೇಡಂ ಪರದೆ ಇರೋ ಸ್ಟೇಜ್ ಕೇಳಿದ್ರು. ಅವರು ರಾಗ ಎಳೆದ್ರೆ ಅವರ ಶಿಷ್ಯೆಯರೇ ಫೋನ್ ಬಂತು ಅಂತ ಎದ್ದು ಹೋಗ್ತಾರೆ, ಆದ್ರೂ ಚಪ್ಪಾಳೆ. ಆಮೇಲೆ ಎದ್ದೋರು ಮಿಸ್‌ಗೆ ಸಾಕ್ಷಾತ್ ಮಾವ, ಗಂಡನ ಅಪ್ಪ. ಎಲ್ರೂ ಒಂದೇ ಮನೇಲಿರೋದು. ಮನೇಲಿ ಅತ್ತೆ ಎದುರು ಮೂಕಿ ಸಿನಿಮಾ. ಮೈಕ್ ಕೈಗೆ ಸಿಕ್ರೆ ಮಾತ್ರ ಮಾಸ್ ಹೀರೋ.

"ಕಟ್ಟಡದ ನೆತ್ತಿ ಮೇಲೆ ದೊಡ್ಡ ಗಡಿಯಾರ," ಅಂದ್ರು ಮಾವ. "ಕೆಳಗೆ ಕೊಟ್ಟೋರ ಹೆಸರು."

"ದುಡ್ಡು ಕೊಟ್ಟೋರದ್ದಾ ಸರ್?" ಅಂತ ಖರ್ಚಿನ ಲೆಕ್ಕ ಬರ್ಕೊಳ್ತಿದ್ದ ಎಂಜಿನಿಯರ್ ಕೇಳ್ದ.

"ಐಡಿಯಾ ಕೊಟ್ಟೋರದ್ದು."

ಚಪ್ಪಾಳೆ ಬಿತ್ತು. ಎಂಜಿನಿಯರ್ ಎಲ್ಲಾನೂ ಕೂಡಿಸಿ ಗಂಟಲು ಸರಿ ಮಾಡ್ಕೊಂಡ. "ಇರೋ ದುಡ್ಡಿಗೆ ಡಬಲ್ ಆಗ್ತಿದೆ ಸರ್. ಏನಾದ್ರೂ ಬಿಡ್ಬೇಕು."

"ಯಾರೂ ಕೇಳ್ದೇ ಇರೋದನ್ನ ಬಿಡಿ," ಅಂದ್ರು ಅಧ್ಯಕ್ಷರು.

"ಯಾರೂ ಕೇಳ್ದೇ ಇರೋದು ಅಂದ್ರೆ ಚಾವಣಿ ಒಂದೇ ಸರ್."

ಅಧ್ಯಕ್ಷರು ಸುತ್ತ ಕಣ್ಣಾಡಿಸಿದ್ರು, ಕಳೆದುಹೋದ ಛತ್ರಿ ವಿಚಾರಿಸೋ ಹಾಗೆ. "ಚಾವಣಿ ಯಾರ್ದಪ್ಪಾ?"

ಚಾವಣಿ ಹೆಂಗೂ ಇರುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ರು, ಅದಕ್ಕೇ ಅದನ್ನ ಯಾರೂ ಕೇಳಿರ್ಲಿಲ್ಲ.

"ಸರಿ, ಅದನ್ನ ಎರಡನೇ ಹಂತಕ್ಕೆ ಹಾಕಿ."

ಮಿಸ್ ಬಗ್ಗಿ ಮುಂದಿನ ಸಾಲಿಗೆ ಪಿಸುಗುಟ್ಟಿದ್ಲು. "ಮಾವ, ಗಡಿಯಾರ ಬಿಟ್ಟು ಚಾವಣಿ ನಂದು ಅನ್ನಿ. ನಿಮ್ ಕೈ ಮುಗೀತೀನಿ."

"ಸುಮ್ನಿರಮ್ಮ. ಚಾವಣಿ ಯಾರು ತಲೆ ಎತ್ತಿ ನೋಡ್ತಾರೆ?"

"ಸೋರಿದ್ರೆ ಎಲ್ಲರೂ ನೋಡ್ತಾರೆ ಮಾವ."

ಅಷ್ಟರಲ್ಲಿ ಅಧ್ಯಕ್ಷರು ಇನ್ನೊಂದು ಬಾಂಬ್ ಹಾಕಿದ್ರು. ಸೋಮವಾರದಿಂದ ಕೆಲಸ ಶುರು, ಮಿಸ್ ರೂಮ್ ಖಾಲಿ ಮಾಡ್ಬೇಕು. ಮಿಸ್ ಎದ್ದು ನಿಂತ್ಲು. "ಮಕ್ಕಳನ್ನ ನಿಮ್ಮ ಗಾಜಿನ ಬಾಗಿಲಿಗೆ ನೇತು ಹಾಕ್ಲಾ ಸರ್?"

ಸೊಸೆ ಮರ್ಯಾದೆ ತೆಗೀತಿದ್ದಾಳೆ ಅಂತ ಮಾವನಿಗೆ ಬೆವರು. ಮೈಕ್ ಎಳ್ಕೊಂಡು, ಎದೆ ಮೇಲೆ ಕೈಯಿಟ್ಟು, ಸಿನಿಮಾದ ತ್ಯಾಗಮಯಿ ಅಣ್ಣನ ಪಾತ್ರಕ್ಕೆ ಇಳಿದೇಬಿಟ್ರು. "ನಮ್ಮನೆ ಹಾಲ್ ಇದೆ. ಚಾವಣಿ ಆಗೋವರೆಗೂ ಆ ಕಂದಮ್ಮಗಳು ಅಲ್ಲೇ ಇರ್ಲಿ. ಮಕ್ಕಳು ದೇವರ ಸಮಾನ."

ಎಲ್ಲಕ್ಕಿಂತ ಜೋರು ಚಪ್ಪಾಳೆ ಇದಕ್ಕೇ ಬಿತ್ತು. ಸಂಗೀತದ ಮೇಡಂ ಕಣ್ಣೊರೆಸ್ಕೊಂಡ್ರು. ಮಿಸ್ ಕಣ್ಣು ಮಾತ್ರ ಒಣಗೇ ಇತ್ತು. ಈ ಮನುಷ್ಯ ಅಂದದ್ದನ್ನ ಮನೆ ತಲುಪೋದ್ರೊಳಗೆ ಮರೀತಾನೆ ಅಂತ ಅವಳಿಗೆ ಗೊತ್ತು. ಮರೆಯೋಕೆ ಬಿಡಬಾರದು ಅಂತ ಅಲ್ಲೇ ತೀರ್ಮಾನ ಮಾಡಿದ್ಲು.

ಸೋಮವಾರ ಬೆಳಿಗ್ಗೆ ಮಾವ ಬನಿಯನ್ನಲ್ಲಿ ಪೇಪರ್ ಓದ್ತಾ ಕೂತಿದ್ರೆ, ಬಾಗಿಲು ತೆಗೆದು ಮಕ್ಕಳ ಸೈನ್ಯ ನುಗ್ಗಿತು. ಮೂಗು ಸೋರೋದು, ಹೆಜ್ಜೆಗೊಂದು ಸಲ ಬೀಳೋದು, ಯಾಕೆ ಅಂತ ತನಗೇ ಗೊತ್ತಿಲ್ದೆ ಅಳೋದು, ಎಲ್ಲಾ ವೆರೈಟಿ.

"ಏನಮ್ಮಾ ಇದು?"

"ದೇವರ ಸಮಾನ, ಮಾವ. ಸ್ವಲ್ಪ ಕಾಲು ತೆಗೀರಿ, ಹಾಸಿಗೆ ಹಾಕ್ಬೇಕು."

"ನಾನು ಮಾತಿಗೆ ಅಂದೆ ಕಣಮ್ಮ."

"ಚಪ್ಪಾಳೆ ಬಿದ್ದಿದೆ ಮಾವ."

ಅಡುಗೆಮನೆ ಬಾಗಿಲಲ್ಲಿ ಅತ್ತೆ ನಿಂತಿದ್ರು. ಅವರ ಮುಖದ ಮೇಲೆ ಎಷ್ಟೋ ವರ್ಷದಿಂದ ಕಾಣದ ಕಳೆ. "ರೀ, ಆ ನೀಲಿ ಶರ್ಟಿನವನು ನಿಮ್ಮ ಪೇಪರ್ ತಿಂತಿದ್ದಾನೆ ನೋಡ್ರಿ," ಅಂದು, ನಗು ಮುಚ್ಕೊಳ್ಳೋಕೆ ಒಳಗೆ ಹೋದ್ರು.

ಟಿವಿ ಕಾರ್ಟೂನ್ ಪಾಲಾಯ್ತು. ಮಧ್ಯಾಹ್ನದ ನಿದ್ದೆಗೆ ನಮಸ್ಕಾರ. ಕನ್ನಡಕ ಸಿಕ್ಕಾಗ ಒಂದು ಕಾಲು ಇರ್ಲಿಲ್ಲ. ಮೂರನೇ ದಿನ ಮಾವ ಅಧ್ಯಕ್ಷರ ಮನೆಗೆ ಓಡಿದ್ರು. ಮಕ್ಕಳನ್ನ ಬೇರೆ ಕಡೆ ಕಳಿಸಿ ಅಂದ್ರೆ, ಅಧ್ಯಕ್ಷರು ನ್ಯಾಯಾಧೀಶರ ಪೋಸ್ ಕೊಟ್ಟು, ಇವತ್ತು ನಿಮ್ಮ ಹಾಲ್ ಮುಟ್ಟಿದ್ರೆ ನಾಳೆ ನನ್ನ ಬಾಗಿಲು ಮುಟ್ತಾರೆ, ಸಾಧ್ಯವೇ ಇಲ್ಲ ಅಂದ್ರಂತೆ. ಕಾಫಿ ಕೂಡ ಕೊಡ್ಲಿಲ್ವಂತೆ.

ಸಂಜೆ ಮಾವ ಸೊಸೆ ಹತ್ರ ಬಂದು ನಿಂತ್ರು. ಚಾವಣಿ ಆಗೋವರೆಗೂ ಅಂತ ತಾನೇ ಅಂದಿದ್ದು, ಆ ಚಾವಣಿ ಎರಡನೇ ಹಂತಕ್ಕೆ ಹೋಗಿದ್ದು ಈಗ ಹೊಳೆದಿತ್ತು. ಪ್ಯಾಂಟಿನ ಮೇಲೆ ಯಾರ್ದೋ ಬಿಸ್ಕತ್ತು ಅಂಟಿತ್ತು.

"ಗಡಿಯಾರ ವಾಪಸ್ ತಗೊಂಡು ಚಾವಣಿ ಕೇಳಿದ್ರೆ ಜನ ನಗ್ತಾರಲ್ಲಮ್ಮ?"

"ಈಗೇನು ಅಳ್ತಿದ್ದಾರಾ ಮಾವ?"

"ನನ್ನ ಹೆಸರು?"

"ಚಾವಣಿ ಮೇಲೆ ಬರೆಸೋಣ. ಕಾಗೆಗಳು ಓದ್ಕೊಳ್ತವೆ."

ಅವರಿಗೆ ಕೋಪ ಬರ್ಬೇಕಿತ್ತು. ಆದ್ರೆ ಕೋಪ ಮಾಡ್ಕೊಳ್ಳೋಕೂ ಕೂರೋಕೆ ಒಂದು ಜಾಗ ಬೇಕು. ಅವರ ಕುರ್ಚೀಲಿ ಯಾವುದೋ ಪುಟಾಣಿ ಬಾಯಿ ತೆಗೆದು ಮಲಗಿತ್ತು.

ಮುಂದಿನ ಮೀಟಿಂಗಲ್ಲಿ ಮಾವ ಗಡಿಯಾರ ಬಿಟ್ರು. ಸುಮ್ನೆ ಬಿಡ್ಲಿಲ್ಲ, ಮುಂದಿನ ಪೀಳಿಗೆ, ನೆರಳು, ಆಕಾಶ ಅಂತ ಭಾಷಣ ಬಿಗಿದೇ ಬಿಟ್ರು. ಚಾವಣಿ ಇಲ್ದೇ ಕಟ್ಟಡ ಕಟ್ಟೋಕೆ ಹೊರಟಿದ್ದ ಅದೇ ಮಹಾನುಭಾವರು, ಎಂಥಾ ದೂರದೃಷ್ಟಿ ಅಂತ ತಲೆದೂಗಿದ್ರು. ಒಬ್ಬರಿಗೂ ನಾಚಿಕೆ ಆದಂಗೆ ಕಾಣಲಿಲ್ಲ. ಮಿಸ್ ಅದನ್ನ ನಿರೀಕ್ಷೆನೂ ಮಾಡಿರ್ಲಿಲ್ಲ. ಅವಳಿಗೆ ಬೇಕಾಗಿದ್ದು ಒಣ ನೆಲ.

ಮಾವ ಗೆದ್ದ ಮುಖದಲ್ಲಿ ಎಂಜಿನಿಯರ್ ಕಡೆ ತಿರುಗಿದ್ರು. "ಹಂಗಾದ್ರೆ ನಾಳೆಯಿಂದ ಮಕ್ಕಳು ವಾಪಸ್ ಬರ್ಬಹುದಲ್ಲ?"

"ನಾಳೆಯಾ? ಹಳೇದನ್ನ ಕಿತ್ತು ಹೊಸದು ಹಾಕ್ಬೇಕು ಸರ್. ಏನಿಲ್ಲಾಂದ್ರೂ ನಾಲ್ಕು ತಿಂಗಳು."

ಮಾವ ನಿಧಾನಕ್ಕೆ ಕೂತ್ರು. ಹಿಂದಿನ ಸಾಲಿಂದ ಮಿಸ್ ಬಗ್ಗಿ, "ನಾಳೆಯಿಂದ ಇನ್ನಿಬ್ರು ಸೇರ್ತಿದ್ದಾರೆ ಮಾವ," ಅಂದ್ಲು. "ಅವಳಿ."