ತಡಸಲೋ ಸೌದೆಯೋ

"ಅಯ್ಯೋ, ಇದು ಸೀಳ್ ಬಿಟ್ಟದೆ ಕಣ್ಲಾ!" ಎಂದು ಮಂಟೇಸ್ವಾಮಿ ಕೈಲಿದ್ದ ಬೊಂಬನ್ನು ಅಂಗಳದ ಮೂಲೆಗೆ ಬಿಸಾಡಿದ. ಅವನ ಅಣ್ಣ ದೊಡ್ಡಮಾದಯ್ಯನ ಹೆಣ ಜಗುಲಿಯ ಮೇಲಿತ್ತು. ಚಟ್ಟಕ್ಕೆ ಎರಡು ಉದ್ದದ ಬೊಂಬು ಬೇಕು, ಉಳಿದದ್ದು ಒಂದೇ. ಇನ್ನೊಂದಕ್ಕೆ ಹನೂರಿಗೇ ಹೋಗಬೇಕು. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಬಂದಿದ್ದ ಕುಂತೂರಿನ ನೆಂಟರು ಅದನ್ನು ವಾಪಸು ಕೊಡಬೇಕೆಂದು ಚಡಪಡಿಸುತ್ತಿದ್ದರು. ಸಾವಿನ ಮನೆಯಲ್ಲಿ ಕೆಲಸದವರಿಗೆ ಬರವಿದ್ದರೂ ಯಜಮಾನರಿಗೆ ಬರವಿಲ್ಲ, ಆಳಿಗೊಂದು ಮಾತು. ಮಂಟೇಸ್ವಾಮಿ ಯಾರನ್ನೂ ಕೇಳದೆ ಅಡುಗೆಮನೆಗೆ ನುಗ್ಗಿ, ಅಟ್ಟದಿಂದ ಹೊಗೆ ಹಿಡಿದ ಉದ್ದನೆಯ ಮರವೊಂದನ್ನು ಎಳೆದು ತಂದು, ಬೊಂಬಿನ ಜೊತೆಗಿಟ್ಟು ಅಡ್ಡಪಟ್ಟಿ ಬಿಗಿದ.

ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ಬಂದ ದೊಡ್ಡಮಾದಯ್ಯನ ಮಗಳು ಶಿವರತ್ನಮ್ಮ ಅದನ್ನು ಕಂಡು ನಿಂತಲ್ಲೇ ಕೂಗಿದಳು.

"ಸಿಕ್ಕಪ್ಪ! ಅದ್ನ್ಯಾಕ್ ತಗುದ್ಯಪ್ಪ? ಬಿಚ್ಚು, ಬಿಚ್ಚು!"

"ಒಂದ್ ಸೌದೆಗೆ ಇಷ್ಟ್ ರಂಪ ಯಾಕವ್ವ?"

"ಸೌದೆ ಅಲ್ಲ, ಬಿಲ್ಲಿನ ಮರ ಅದು!"

ಪಕ್ಕದ ಮನೆಯ ಪುಟ್ಟಬಸಮ್ಮ ಅವಳ ರಟ್ಟೆ ಹಿಡಿದಳು. "ಕಟ್ಟಿದ್ ಚಟ್ಟ ಬಿಚ್ಬಾರ್ದು ಕಣವ್ವ. ಬಿಚ್ಚುದ್ರೆ ಇನ್ನೊಂದ್ ಹೆಣ ಕೇಳ್ತದೆ."

ಆ ಮಾತಿಗೆ ಎದುರಾಡುವವರು ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ಮಸಣಕ್ಕೆ ಹೋದ ಮರ ಮನೆಗೆ ಬರುವುದೂ ಇಲ್ಲ.

*

ದೊಡ್ಡಮಾದಯ್ಯ ಜೋಳದ ಹೊಲ ಕಾಯುವವರಿಗೆ ಮಣ್ಣುಂಡೆ ಹೊಡೆಯುವ ಬಿಲ್ಲು ಮಾಡಿಕೊಡುತ್ತಿದ್ದ. ಗಿಳಿ ಓಡಿಸಲು ಪಟಾಕಿ ಬಂದ ಮೇಲೆ ಹೊನ್ನೂರಿನ ಕಡೆಯ ನಾಲ್ಕಾರು ಹಳಬರು ಬಿಟ್ಟರೆ ಕೇಳುವವರಿರಲಿಲ್ಲ. ಕಣ್ಣಿಗೂ ಪೊರೆ ಬಂದಿತ್ತು. ಗಂಡನ ಮನೆ ಬಿಟ್ಟು ಬಂದ ಮಗಳೇ ಅವನ ಕಣ್ಣು. ಹೋದ ಬೇಸಿಗೆಯಲ್ಲಿ ಬಿಲ್ಲಿಗೆ ಬೇಕಾದ ತಡಸಲು ಮರ ತರಲು ಅವಳನ್ನು ಬೆಟ್ಟದಂಚಿನ ತಮ್ಮ ಹೊಲದ ಬದುವಿಗೆ ಕಳಿಸಿದ.

"ತಡಸ್ಲು ಕಡ್ಕಂಡ್ ಬಾ. ಎಲೆ ಉದ್ರುದಾಗ್ಲೇ ಕಡೀಬೇಕು, ಮರದಲ್ಲಿ ನೀರ್ ಕಮ್ಮಿ ಇರ್ತದೆ."

"ಎಲೆ ಇಲ್ದೆ ಎಂಗಪ್ಪ ಗುರ್ತು ಇಡಿಯದು?"

"ಸಿಪ್ಪೆ ಎಳ್ದು ನೋಡು, ನಾರು ಅಗ್ಗದಂಗೆ ಬರ್ಬೇಕು. ಗಂಟಿರದು ಬ್ಯಾಡ. ಮಿಕ್ಕಿದ್ದು ನಿನ್ ಕೈಗೇ ಗೊತ್ತಾಯ್ತದೆ."

ಬದುವಿನಲ್ಲಿ ನಿಂತ ಬೋಳು ಮರಗಳೆಲ್ಲ ಒಂದೇ ತರ. ಹಲವು ಸಿಪ್ಪೆ ಎಳೆದು, ಹೆದರುತ್ತಲೇ ಒಂದನ್ನು ಕಡಿದು ತಂದಳು. ಅಪ್ಪ ಬುಡದಿಂದ ತುದಿಯವರೆಗೂ ಸವರಿದ, ಮೂಸಿದ.

"ಸರೀನಾ ಅಪ್ಪ?"

"ಈಗ್ಲೇ ಏನ್ ಏಳದು? ಒಲೆ ಮ್ಯಾಗ್ಲ ಅಟ್ಟಕ್ಕಾಕು, ಒಂದೊರ್ಸ ಒಗೆ ಕುಡೀಲಿ. ಆಮೇಲೆ ನಾನೇ ಬಗ್ಗಿಸ್ ನೋಡ್ತೀನಿ. ಬಗ್ಗಿ ನೆಟ್ಗಾದ್ರೆ ತಡಸ್ಲು, ಬಗ್ಗಿದಂಗೇ ನಿಂತ್ರೆ ಸೌದೆ. ತಡಸ್ಲಾದ್ರೆ ಈ ಕಸುಬು ನಿಂದು ಕಣವ್ವ."

ಒಲೆ ಹಚ್ಚುವಾಗಲೆಲ್ಲ ಅವಳು ತಲೆಯೆತ್ತಿ ನೋಡುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಅಪ್ಪ ಹೊರಟೇಬಿಟ್ಟ.

*

ಗಂಡುಮಕ್ಕಳಿಲ್ಲದ್ದಕ್ಕೆ ಶಿವರತ್ನಮ್ಮನೇ ಮಡಕೆ ಹಿಡಿದು ಮುಂದೆ ನಡೆದಳು. ಹೆಗಲು ಬದಲಿಸಲು ನಿಂತಾಗ ತಿರುಗಿ ನೋಡಿದಳು. ಬೊಂಬು ಬಿಗಿಯಾಗಿ ನಿಂತಿತ್ತು. ಅಟ್ಟದ ಮರ ಅಪ್ಪನ ಭಾರಕ್ಕೆ ನಡುವಿನಲ್ಲಿ ಬಾಗಿತ್ತು.

"ಈ ಕಡೆ ಜಗ್ತದೆ ಕಣ್ಲಾ, ಮುರ್ದೋದಾತು!" ಎಂದ ಹೊತ್ತವನೊಬ್ಬ.

"ಬದ್ಕಿದ್ದಾಗ ಯಾರ್ಗೂ ಭಾರ ಆಗ್ನಿಲ್ಲ, ಇವತ್ತೊಂದಿನ ಒರ್ಲಾ," ಎಂದ ಮಂಟೇಸ್ವಾಮಿ.

ಬಾಗುವುದೇನು, ಯಾವ ಕಡ್ಡಿಯೂ ಬಾಗುತ್ತದೆ. ಆಮೇಲೆ ನೆಟ್ಟಗಾಗುತ್ತದೆಯೇ? ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಅಪ್ಪನ ಹೆಣದ ಮುಂದೆ ಮರದ ಚಿಂತೆಯೇ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಗುಂಡಿಯ ಪಕ್ಕದ ಎರಡು ಮಣ್ಣುಗುಡ್ಡೆಗಳ ಮೇಲೆ ಚಟ್ಟ ಇಳಿಸಿದರು. ಮರ ಬಾಗಿದಂತೆಯೇ ಇತ್ತು. ನಾಲ್ವರು ಸೇರಿ ದೊಡ್ಡಮಾದಯ್ಯನನ್ನು ಎತ್ತಿದರು. ಮರ ಒಮ್ಮೆ ನಡುಗಿ, ನೆಟ್ಟಗಾಯಿತು.

ಬೆಳಗಿನಿಂದ ಬಾರದ ಅಳು ಆಗ ಬಂತು. ಗುಂಡಿಯಂಚಿಗೆ ಕುಸಿದು ಅವಳು ಕೂಗಿದಳು: "ಅಪ್ಪಾ! ನೆಟ್ಗಾಯ್ತು ಕಣಪ್ಪ! ನೀನೇ ಬಗ್ಗಿಸ್ದೆ, ನೆಟ್ಗಾಯ್ತು!"

"ಪಾಪ, ತಲೆ ಕೆಡ್ತು," ಎಂದು ಪುಟ್ಟಬಸಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮಣ್ಣು ಮುಚ್ಚಿದ ಮೇಲೆ ಮಂಟೇಸ್ವಾಮಿ ಪದ್ಧತಿಯಂತೆ ಚಟ್ಟ ಕಡಿಯಲು ಮಚ್ಚೆತ್ತಿದ. ಬೊಂಬು ಒಂದೇ ಏಟಿಗೆ ಹೋಯಿತು. ಅಟ್ಟದ ಮರ ಮಚ್ಚನ್ನೇ ವಾಪಸು ಎಸೆಯಿತು. ಅವನು ಕೈ ಕೊಡವಿಕೊಂಡ.

"ಎಂತಾ ಸೌದೆನವ್ವ ಇದು?"

"ತಡಸ್ಲು ಸಿಕ್ಕಪ್ಪ. ಕೊಡಿಲ್ಲಿ."

ಶಿವರತ್ನಮ್ಮ ಮಚ್ಚು ಇಸಿದುಕೊಂಡಳು. ಮನೆಗೆ ಒಯ್ಯುವಂತಿಲ್ಲದ ಆ ಮರವನ್ನು ಉದ್ದಕ್ಕೂ ಸವರಿ, ಬಿಲ್ಲಿಗೆ ಹಿಡಿ ಬರುವ ಜಾಗವನ್ನು ಬೆರಳಲ್ಲಿ ಹುಡುಕಿ, ಸರಿಯಾಗಿ ಅಲ್ಲಿಗೇ ಬೀಸಿದಳು.