ತಿದಿಗೆ ಅಂಟಿದ ಈಸ್ಟರ್ ಹಾಡು

ಹಾಡು ಕಟ್ಟುತ್ತಿದ್ದ ಗುರು ಬಾಲ್ತಜಾರ್ ರ್‍ಯುಂಪ್ಲರ್ ಮಣ್ಣು ಸೇರಿ ಹನ್ನೊಂದು ವರ್ಷವಾಗಿತ್ತು. ಥುರಿಂಗಿಯಾ ಸೀಮೆಯ ಆ ಪುಟ್ಟ ಊರಿನ ಚರ್ಚಿನಲ್ಲಿ ಈಗ ಆರ್ಗನ್ ನುಡಿಸುವವನು ಅವರ ಮನೆಯಲ್ಲೇ ಉಂಡು ಕಲಿತ ಟ್ರಾಗೊಟ್.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಬೆಳಿಗ್ಗೆ ಗುರುಗಳ ಹೆಂಡತಿ ಸಿಬಿಲ್ಲಾ ಕೋಲೂರಿಕೊಂಡು ಆರ್ಗನ್ ಅಟ್ಟ ಹತ್ತಿ ಬಂದಳು.

"ಮೂವತ್ತೆಂಟು ಮೆಟ್ಟಿಲು ಕಣೋ. ದೇವರಿಗೆ ಹತ್ತಿರ ಇರ್ಲಿ ಅಂತ ವಾದ್ಯಾನ ಇಲ್ಲಿ ಇಟ್ರು. ನನ್ನ ಮಂಡಿ ಯಾರಿಗೂ ನೆನಪಾಗ್ಲಿಲ್ಲ."

"ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆನಲ್ಲಮ್ಮ."

"ಈ ಸಲ ಅವರ ಈಸ್ಟರ್ ಹಾಡು ಹಾಡಿಸು. ಮುಂದಿನ ಈಸ್ಟರ್ ನಂಗಿಲ್ಲ. ಹಾಡು ಬರೆದ ಹಾಳೆಗಳ ಪೆಟ್ಟಿಗೆ ನಿನ್ನ ಕೈಗೇ ಕೊಟ್ಟಿದ್ದೆ, ಅಲ್ವಾ?"

ಕೊಟ್ಟಿದ್ದು ನಿಜ. ಆರು ವರ್ಷದ ಹಿಂದೆ ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನು ಇಲಿ ಕಡಿದಿದ್ದವು. ತೂತು ಮುಚ್ಚಲು ದಪ್ಪ ಕಾಗದ ಬೇಕಿತ್ತು. ಗುರುಗಳ ಹಾಡು ಹಳೆಯ ಕಾಲದ್ದು, ಇನ್ನು ಯಾರು ಹಾಡುತ್ತಾರೆ ಎಂದುಕೊಂಡು ಟ್ರಾಗೊಟ್ ಹಾಳೆ ಹಾಳೆಯಾಗಿ ಹರಿದು ಸರೇಸು ಬಳಿದು ಅಂಟಿಸಿದ್ದ. ಅಂದು ಅದು ತಪ್ಪೆನಿಸಿರಲಿಲ್ಲ. ಆಮೇಲೆ ಪ್ರತಿ ಭಾನುವಾರ ತಿದಿ ಉಬ್ಬುವಾಗಲೆಲ್ಲ ಅವನು ಮುಖ ತಿರುಗಿಸುತ್ತಿದ್ದ.

ಇಲಿ ತಿಂದವು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಆರ್ಗನ್ನಿನ ಹಿಂದಿನ ಪುಟ್ಟ ಬಾಗಿಲು ತೆಗೆದು ತಿದಿಗಳನ್ನು ತೋರಿಸಿದ.

"ನಾನೇ ಅಂಟಿಸ್ದೆ, ಅಮ್ಮ."

ತಲೆಕೆಳಗಾಗಿ ಅಂಟಿದ್ದ ಗಂಡನ ಅಕ್ಷರಗಳ ಮೇಲೆ ಸಿಬಿಲ್ಲಾ ಬೆರಳಾಡಿಸಿದಳು.

"ಈ ಮಸಿ ಕಾಯಿಸಿದ್ದು ನಾನು," ಎಂದಳು. "ಕೀಳಬೇಡ. ಕಿತ್ರೆ ಹಾಡೂ ಹೋಗುತ್ತೆ, ಆರ್ಗನ್ನೂ ಹೋಗುತ್ತೆ. ಚಿಕ್ಕವನಿದ್ದಾಗ ನೀನೂ ಹಾಡಿದ್ದೆಯಲ್ಲ, ಏನಾದ್ರೂ ನೆನಪಿದೆಯಾ?"

"ನಾಲ್ಕು ದನಿ ಸೇರಿ ಹಾಡೋ ಹಾಡಲ್ವಾ ಅದು, ನೆನಪಿರೋದು ನನ್ನ ಪಾಲಿನ ದನಿ ಅಷ್ಟೇ. ಉಳಿದ ಮೂರು ದನಿ ಇಲ್ಲ."

"ಹಾಗಾದ್ರೆ ಅದನ್ನೇ ಹಾಡು. ಎಲ್ಲರ ಮುಂದೆ."

ಅವಳು ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

ಈಸ್ಟರ್ ದಿನ ಟ್ರಾಗೊಟ್ ಅಟ್ಟದ ಅಂಚಿಗೆ ಬಂದು ನಿಂತು, ತಾನು ಮಾಡಿದ್ದನ್ನು ಊರಿಗೆ ಹೇಳಿ, ಒಡೆದ ಗಂಡುದನಿಯಲ್ಲಿ ತನ್ನ ಪಾಲನ್ನು ಹಾಡಿದ. ಬೇರೆಯವರು ಹಾಡಬೇಕಿದ್ದ ಕಡೆಯಲ್ಲೆಲ್ಲ ಬಾಯಿ ಮುಚ್ಚಿ ತಾಳ ಎಣಿಸುತ್ತ ನಿಂತ. ಮುಂದಿನ ಕೀರ್ತನೆಗೆಂದು ತುಂಬಿಸಿಟ್ಟ ತಿದಿಗಳ ಸಣ್ಣ ಉಸಿರೊಂದೇ ಆಗ ಕೇಳುತ್ತಿತ್ತು. ಕೆಳಗೆ ಮೊದಲ ಸಾಲಿನಲ್ಲಿ ಕೂತ ಸಿಬಿಲ್ಲಾ ಕಣ್ಣು ಮುಚ್ಚಿಕೊಂಡು, ಆ ಮೌನಗಳಲ್ಲೆಲ್ಲ ತುಟಿ ಆಡಿಸುತ್ತಿದ್ದಳು.