ಕನ್ನಡಿಯ ಗಿರಾಕಿ

ಹಳೆಯ ಪಾಲಿಶ್ ಪೂರ್ತಿ ಕೆರೆದು ಮರದ ಬರಿಮೈ ಕಾಣುವವರೆಗೆ ಹೊಸದನ್ನು ಮುಟ್ಟಿಸಬಾರದು. ನಮ್ಮ ಅಂಗಡಿಯಲ್ಲಿ ಇದ್ದದ್ದು ಇದೊಂದೇ ಕಾನೂನು. ಅದನ್ನು ಮಾಡಿದವರು ನಮ್ಮ ಸೋದರಮಾವ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನೂ ತಮ್ಮನನ್ನೂ ಸಾಕಿ, ಕುರ್ಚಿ ಮೇಜುಗಳಿಗೆ ಪಾಲಿಶ್ ಮಾಡುವ ಕೆಲಸ ಕಲಿಸಿದವರೂ ಅವರೇ. ಕೆಲಸ ಬಲ್ಲವರು, ಒಳ್ಳೆಯವರು, ಹಿಡಿದ ಪಟ್ಟು ಬಿಡದವರು. ಆ ಕೊನೆಯದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತಮ್ಮನನ್ನು ಎಲ್ಲರೂ ಕನ್ನಡಿ ಎಂದೇ ಕರೆಯುತ್ತಿದ್ದರು. ಅವನು ಕೈಯಾಡಿಸಿದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಪಕ್ಕದ ಬಡಗಿ ಇಟ್ಟ ಹೆಸರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ ಸುತ್ತಿಸಿ ಸುತ್ತಿಸಿ ಉಜ್ಜುವ ಕೆಲಸ ನಮ್ಮದು. ನಾನು ಉಜ್ಜಿದ ಸಾಮಾನನ್ನು ಗಿರಾಕಿಗಳು ಎತ್ತಿಕೊಂಡು ಹೋಗುತ್ತಿದ್ದರು. ಅವನು ಉಜ್ಜಿದ್ದನ್ನು ಸ್ವಲ್ಪ ಹೊತ್ತು ನಿಂತು ನೋಡಿ, ಆಮೇಲೆ ಎತ್ತುತ್ತಿದ್ದರು. ಅಕ್ಕನಾದರೂ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೀಗಿರುವಾಗ ಒಬ್ಬ ಗಿರಾಕಿ ಬಂದ. ನಮಗೆ ಯಾರಿಗೂ ಕಾಣದ, ಅವನಿಗೆ ಮಾತ್ರ ಕೇಳಿಸುವ ಗಿರಾಕಿ. ಮೊದಮೊದಲು ನಾನು ನಿಜವಾಗಿಯೂ ಯಾರೋ ತಕರಾರು ತೆಗೆದಿದ್ದಾರೆ ಎಂದುಕೊಂಡಿದ್ದೆ. ಮುಗಿದು ಹೊಳೆಯುತ್ತಿದ್ದ ಬೀರುವನ್ನು ತಮ್ಮ ಮತ್ತೆ ಕೆರೆಯುತ್ತಾ ಕೂತಿರುತ್ತಿದ್ದ. ಯಾಕೋ ಎಂದರೆ, ಗಿರಾಕಿಗೆ ಗೀರು ಕಾಣುತ್ತಿದೆಯಂತೆ ಎನ್ನುತ್ತಿದ್ದ. ಒಂದು ಮಧ್ಯಾಹ್ನ ಖಾಲಿ ಕುರ್ಚಿಯ ಮುಂದೆ ಕೈಮುಗಿದು, ಇನ್ನೊಂದೇ ಒಂದು ಸಲ ಉಜ್ಜಿ ಕೊಡುತ್ತೇನೆ, ಬೈಯಬೇಡಿ ಎಂದು ಅಂಗಲಾಚುತ್ತಿದ್ದುದನ್ನು ಕಂಡಾಗಲೇ ನನಗೆ ತಿಳಿದದ್ದು, ಅಂಥ ಗಿರಾಕಿ ಯಾರೂ ಇಲ್ಲ ಎಂದು.

ಕುಡಿದರೆ ಗಿರಾಕಿ ಬಾಯಿ ಮುಚ್ಚುತ್ತಿದ್ದನಂತೆ. ಆದ್ದರಿಂದ ಕುಡಿದ. ಅಮಲು ಇಳಿದ ಮೇಲೆ ಗಿರಾಕಿ ಎರಡರಷ್ಟು ಸಿಟ್ಟಿನಿಂದ ಬರುತ್ತಿದ್ದ. ಆದ್ದರಿಂದ ಇನ್ನೂ ಕುಡಿದ. ಕುಡಿತ ಮೊದಲೋ ಗಿರಾಕಿ ಮೊದಲೋ ಎಂದು ಬಂದವರೆಲ್ಲ ಕೇಳುತ್ತಿದ್ದರು, ಗೊತ್ತಾದರೆ ಏನೋ ಕಿಸಿದು ಗುಡ್ಡೆ ಹಾಕುವವರ ಹಾಗೆ. ಮನೆಗೆ ಬೆಂಕಿ ಬಿದ್ದಿರುವಾಗ ಕಡ್ಡಿ ಗೀರಿದವರು ಯಾರು ಎಂದು ವಿಚಾರಿಸುತ್ತಾ ನಿಂತವರ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕುಡಿತ ಬಿಡಿಸುವ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಕಿವಿಯಲ್ಲಿ ಮಾತು ಕೇಳಿಸುವವರನ್ನು ನಾವು ಸೇರಿಸಿಕೊಳ್ಳುವುದಿಲ್ಲ, ಮೊದಲು ತಲೆ ಸರಿಮಾಡಿಸಿಕೊಂಡು ಬನ್ನಿ ಎಂದರು. ತಲೆಯ ಆಸ್ಪತ್ರೆಗೆ ಹೋದೆವು. ಅಲ್ಲಿ ಬಾಗಿಲಲ್ಲೇ ಮೂಸಿ ನೋಡಿ, ಮೊದಲು ಕುಡಿತ ಬಿಟ್ಟು ಬನ್ನಿ ಎಂದರು. ಇವರಿಂದ ಅವರಿಗೆ, ಅವರಿಂದ ಇವರಿಗೆ ಅಲೆದು ನಮ್ಮ ಚಪ್ಪಲಿ ಸವೆದವೇ ಹೊರತು ಒಳಗೆ ಕಾಲಿಡಲು ಆಗಲಿಲ್ಲ.

ಕಡೆಗೆ ನಾವೂ ಕಿಲಾಡಿಗಳಾದೆವು. ಕುಡಿತದ ಕೇಂದ್ರಕ್ಕೆ ಹೋಗುವ ದಿನ, ಗಿರಾಕಿಯ ಸುದ್ದಿ ಎತ್ತಬೇಡ ಎಂದು ತಮ್ಮನಿಗೆ ದಾರಿಯುದ್ದಕ್ಕೂ ಹೇಳಿಕೊಟ್ಟೆವು. ಸೇರಿಸಿಕೊಂಡರು. ಇಲ್ಲಿ ಯಾವ ಮಾತ್ರೆಯೂ ನಡೆಯುವುದಿಲ್ಲ ಎಂದು, ನಮ್ಮ ಬೀದಿಯ ಡಾಕ್ಟರೊಬ್ಬರು ಕೊಟ್ಟು ಅವನ ಜೇಬಿನಲ್ಲಿದ್ದ ನಿದ್ದೆಯ, ನೆಮ್ಮದಿಯ ಮಾತ್ರೆಗಳನ್ನು ಎಸೆದರು. ಒಂದು ವಾರಕ್ಕೆಲ್ಲ ಅವನು ಗೋಡೆಯ ಗಾರೆಯನ್ನು ಉಗುರಿನಿಂದ ಕೆರೆಯತೊಡಗಿದ, ಅದರೊಳಗೆ ಗೀರಿದೆ ಎಂದು ಗಿರಾಕಿ ಹೇಳಿದ್ದನಂತೆ. ಗುಟ್ಟು ರಟ್ಟಾಗಿ ಮನೆಗೆ ಕಳಿಸಿದರು. ತಲೆಯ ಆಸ್ಪತ್ರೆಗೆ ಹೋಗುವ ದಿನ ಬಾಟಲಿಯ ಸುದ್ದಿ ಎತ್ತಬೇಡ ಎಂದು ಹೇಳಿಕೊಟ್ಟೆವು. ಅವರು ಮಾತ್ರೆ ಬರೆದುಕೊಟ್ಟರು, ಇವನು ಅದನ್ನು ಕುಡಿತದ ಜೊತೆಗೇ ನುಂಗಿ ಮೆಟ್ಟಿಲ ಮೇಲಿಂದ ಉರುಳಿದ. ಅಲ್ಲಿಯ ಬಾಗಿಲೂ ಮುಚ್ಚಿತು.

ಆಗ ತೂಗುಕುರ್ಚಿಯೊಂದನ್ನು ಪಾಲಿಶಿಗೆ ತಂದ ಒಬ್ಬಳು ನರ್ಸ್ ನನ್ನ ಮುಖ ನೋಡಿ ಏನು ವಿಷಯ ಎಂದಳು. ಹೇಳಿದೆ. ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಎರಡನ್ನೂ ಒಟ್ಟಿಗೇ ನೋಡುತ್ತಾರೆ, ಒಬ್ಬರೇ ಡಾಕ್ಟರು, ಒಂದೇ ವಾರ್ಡು, ಮೊದಲು ಇದು ಆಮೇಲೆ ಅದು ಎನ್ನುವ ಮಾತೇ ಇಲ್ಲ ಎಂದಳು. ನಾನು ಮಾರನೆಯ ದಿನವೇ ಹೋಗಿ ಅಲ್ಲಿನ ಡಾಕ್ಟರಮ್ಮನನ್ನು ಕಂಡೆ. ಸೋಮವಾರ ಹಾಸಿಗೆ ಖಾಲಿಯಾಗುತ್ತದೆ, ಬೆಳಿಗ್ಗೆ ಕರೆತನ್ನಿ ಎಂದರು. ಅಷ್ಟರೊಳಗೆ ಕುಡಿತ ಬಿಡಿಸಿರಬೇಕಲ್ಲವೇ ಎಂದು ಕೇಳಿದೆ, ಅಭ್ಯಾಸಬಲ.

“ಬೇಡ. ನೀವಾಗೇ ನಿಲ್ಲಿಸೋಕೆ ಹೋಗ್ಬೇಡಿ. ಇಷ್ಟು ಕುಡಿಯೋರು ಒಂದೇ ಸಲ ನಿಲ್ಲಿಸಿದ್ರೆ ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ. ಹೇಗಿದ್ದಾರೋ ಹಾಗೇ ಕರ್ಕೊಂಡು ಬನ್ನಿ, ಇಲ್ಲಿ ನಿಧಾನವಾಗಿ ಇಳಿಸ್ತೀವಿ” ಎಂದರು.

ಹೇಗಿದ್ದಾರೋ ಹಾಗೇ. ರಸ್ತೆಗೆ ಬಂದು ನಿಂತು ಅತ್ತೆ. ಅಷ್ಟು ಬಾಗಿಲು ಬಡಿದಿದ್ದೆವು, ಆ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ಮಾವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಹೂಂ ಎಂದರು. ಮಾವನ ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ, ಒಪ್ಪಿದೆ ಎಂದಲ್ಲ. ಅದು ಗೊತ್ತಿದ್ದೂ ನಾನು ಶನಿವಾರ ಊರಾಚೆಯ ಶಾಲೆಯೊಂದರ ಬೆಂಚುಗಳನ್ನು ಮುಗಿಸಿಕೊಡಲು ಹೊರಡಲೇಬೇಕಾಯಿತು. ತಮ್ಮನಿಗೆ ಕುಡಿಯಲು ಬೇಕಾದಷ್ಟನ್ನು ಅಳೆದು ಇಟ್ಟು, ಇದನ್ನು ಮುಟ್ಟಬೇಡಿ ಎಂದು ಮಾವನಿಗೆ ಕೈ ಹಿಡಿದು ಹೇಳಿದೆ. ಅದಕ್ಕೂ ಹೂಂ ಎಂದರು.

ಸೋಮವಾರ ಬೆಳಿಗ್ಗೆ ವಾಪಸ್ಸು ಬಂದು ಅಂಗಡಿಯ ಬಾಗಿಲು ತೆಗೆದರೆ ವಾಸನೆಯೇ ಇಲ್ಲ. ಮಾವನ ಮನೆಗೆ ಬಂದಾಗಿನಿಂದ ಆ ಅಂಗಡಿಯಲ್ಲಿ ಸ್ಪಿರಿಟ್ಟಿನ ವಾಸನೆ ಇಲ್ಲದ ದಿನವನ್ನು ನಾನು ಕಂಡಿರಲಿಲ್ಲ. ಡಬ್ಬಗಳೆಲ್ಲ ಖಾಲಿಯಾಗಿ, ತೊಳೆದು, ಬೋರಲು ಹಾಕಿದ್ದವು. ಸಾಮಾನಿನ ಕೋಣೆಗೆ ಹೊರಗಿನಿಂದ ಚಿಲಕ. ಅದರ ಮುಂದೆ ಕುರ್ಚಿ ಹಾಕಿಕೊಂಡು ಮಾವ ಕೂತಿದ್ದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು, ಮುಖದಲ್ಲಿ ಮಾತ್ರ ಗೆದ್ದವರ ನಗೆ.

“ಪೂರ್ತಿ ಕೆರೆದಿದ್ದೀನಿ ಕಣೇ. ನೀನು ಹೋದಾಗಿಂದ ಒಂದು ತೊಟ್ಟು ಮುಟ್ಟಿಲ್ಲ, ಸ್ಪಿರಿಟ್ಟೂ ಸಿಗದ ಹಾಗೆ ಎಲ್ಲ ಚೆಲ್ಲಿಬಿಟ್ಟೆ. ಈಗ ಯಾರು ಮೂಸಿ ನೋಡಿ ವಾಪಸ್ಸು ಕಳಿಸ್ತಾರೋ ಕಳಿಸ್ಲಿ ನೋಡೋಣ.”

ಕುರ್ಚಿಯ ಸಮೇತ ಅವರನ್ನು ಪಕ್ಕಕ್ಕೆ ಸರಿಸಿದೆ. ಚಿಲಕ ತೆಗೆದೆ.

ತಮ್ಮ ಬಾಗಿಲ ಹಿಂದೆಯೇ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಬಾಗಿಲ ಒಳಮೈಯನ್ನು ಅವನ ತೋಳು ಎಟಕುವವರೆಗೂ ಸ್ಯಾಂಡ್‌ಪೇಪರಿನಿಂದ ಉಜ್ಜಿ ಬೆಳ್ಳಗೆ ಮಾಡಿದ್ದ. ಕಾಗದ ಸವೆದ ಮೇಲೆ ಬೆರಳಿನಿಂದಲೇ ಉಜ್ಜಿದ್ದ. ಬೆರಳ ತುದಿಯಲ್ಲಿ ಚರ್ಮ ಉಳಿದಿರಲಿಲ್ಲ. ಒಳಗಿನಿಂದ ಉಜ್ಜುವ ಸದ್ದು ಬರುತ್ತಿದ್ದಷ್ಟು ಹೊತ್ತೂ ಮಾವ ಹೊರಗೆ ಸಮಾಧಾನದಿಂದ ಇದ್ದರಂತೆ, ಹುಡುಗ ಕೆಲಸಕ್ಕೆ ಕೂತ, ಗುಣವಾಗುತ್ತಿದೆ ಎಂದು.

“ಅಕ್ಕ, ಅಂಗಡಿ ತುಂಬಾ ಗಿರಾಕಿಗಳು” ಎಂದ ತಮ್ಮ. “ಒಬ್ಬನನ್ನೇ ತಡ್ಕೊಳ್ಳೋಕಾಗ್ತಿರ್ಲಿಲ್ಲ, ಇಷ್ಟು ಜನಕ್ಕೆ ನಾನು ಹೇಗೆ ಮಾಡಿ ಕೊಡ್ಲಿ?”

ಅಷ್ಟು ಹೇಳಿದವನೇ ಸೆಟೆದುಕೊಂಡ. ಕಣ್ಣು ಮೇಲೆ ಹೋಯಿತು, ಕೈಕಾಲು ನೆಲಕ್ಕೆ ಬಡಿಯತೊಡಗಿತು. ಅವನನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ನನ್ನ ಸೆರಗನ್ನು ತುರುಕಿದೆ. ಬಡಗಿ ಓಡಿ ಬಂದು ಸಾಮಾನು ಸಾಗಿಸುವ ನಮ್ಮ ವ್ಯಾನನ್ನು ಬಾಗಿಲಿಗೆ ತಂದ. ಬೀರುಗಳಿಗೆ ಗೀರು ಬೀಳದಿರಲಿ ಎಂದು ಸುತ್ತುವ ಕಂಬಳಿಗಳಲ್ಲಿ ತಮ್ಮನನ್ನು ಸುತ್ತಿ ಎತ್ತಿ ಹಾಕಿಕೊಂಡೆವು. ದಾರಿಯಲ್ಲಿ ಇನ್ನೊಂದು ಸಲ ಫಿಟ್ಸ್ ಬಂತು. ಮಾವ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಇನ್ನೇನು ಆಸ್ಪತ್ರೆ ಬಂದೇ ಬಿಟ್ಟಿತು, ಸ್ವಲ್ಪ ತಡಿ ಮಗ, ಸ್ವಲ್ಪ ತಡಿ ಎನ್ನುತ್ತಲೇ ಇದ್ದರು. ನನಗೆ ಅವರನ್ನು ವ್ಯಾನಿನಿಂದ ಕೆಳಗೆ ತಳ್ಳಿಬಿಡಬೇಕು ಎನ್ನಿಸಿತು. ನಿಜವಾಗಿಯೂ ಎನ್ನಿಸಿತು.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಬಗ್ಗಿ ನೋಡಿದ. ಯಾರಾದರೂ ಬಾಯಿ ತೆರೆಯುವ ಮೊದಲೇ ಮಾವ ಕೈಮುಗಿದರು.

“ಇವನು ಕುಡಿದಿಲ್ಲ ಸ್ವಾಮಿ. ಬೇಕಾದ್ರೆ ಬಾಯಿ ಮೂಸಿ ನೋಡಿ. ದಮ್ಮಯ್ಯ, ಮೂಸಿ ನೋಡಿ ಒಳಗೆ ಬಿಡಿ.”

ಕಾವಲಿನವನು ಮೂಸಲಿಲ್ಲ. ಕೂಗಿ ಗಾಲಿಮಂಚ ತರಿಸಿದ. ಡಾಕ್ಟರಮ್ಮ ಓಡುತ್ತಲೇ ಬಂದು, ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಿದರು. ಮಾವ ಎದೆಯುಬ್ಬಿಸಿ ಹೇಳಿದರು. ಡಾಕ್ಟರಮ್ಮನ ಮುಖ ಕಪ್ಪಿಟ್ಟಿತು. ಅವರು ಬೈಯಲಿಲ್ಲ, ನರ್ಸಿಗೆ ಇಂಜೆಕ್ಷನ್ನಿನ ಹೆಸರು ಹೇಳಿ ಮಂಚದ ಜೊತೆಗೇ ಓಡಿದರು.

ಆಮೇಲೆ ನಾವಿಬ್ಬರೂ ಉದ್ದನೆಯ ಪಡಸಾಲೆಯಲ್ಲಿ ಕೂತೆವು. ಮಾವ ಕುರ್ಚಿಯ ಕೈಯನ್ನು ಸವರುತ್ತಿದ್ದರು. ಮುಖದ ಮೇಲಿನ ನಗೆ ಆಗಲೇ ಇಳಿದುಹೋಗಿತ್ತು. ಕಡೆಗೆ ನನ್ನ ಕಡೆ ತಿರುಗದೆಯೇ ಕೇಳಿದರು.

“ನಾನೇ ಮಾಡಿದ್ನೇನೇ ಇದನ್ನ?”

ಇಲ್ಲ ಎಂದು ಹೇಳಬಹುದಿತ್ತು. ನಮ್ಮನ್ನು ಎತ್ತಿ ಆಡಿಸಿದ ಕೈಗಳು ಅವರವು. ಆದರೆ ಅದೇ ಕೈ ಹಾಕಿದ್ದ ಚಿಲಕವನ್ನು ನಾನು ತೆಗೆದು ಬಂದಿದ್ದೆ.

“ಹೌದು ಮಾವ” ಎಂದೆ.

ಅವರು ತಲೆಯಾಡಿಸಿದರು. ಈ ಸಲ ಹೂಂ ಎನ್ನಲಿಲ್ಲ.

ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದರು. ಫಿಟ್ಸ್ ನಿಂತಿದೆ, ಆದರೆ ಗಂಡಾಂತರ ಕಳೆದಿಲ್ಲ, ಈಗಲೇ ಏನೂ ಭರವಸೆ ಕೊಡಲಾರೆ ಎಂದರು. ಕುಡಿತಕ್ಕೂ ಗಿರಾಕಿಗೂ ಔಷಧವನ್ನು ಇವತ್ತೇ ಒಟ್ಟಿಗೆ ಶುರುಮಾಡುತ್ತೇವೆ, ಕಾಯಬೇಕು ಎಂದರು. ಕಾಯುವುದು ನಮಗೇನೂ ಹೊಸದಲ್ಲ.

ಸಂಜೆ ಅವನು ಕಣ್ಣು ಬಿಟ್ಟಿದ್ದಾನೆ ಎಂದು ಕರೆದರು. ಮಾವ ಎದ್ದರು, ಆದರೆ ಹೊಸ್ತಿಲಲ್ಲೇ ನಿಂತುಬಿಟ್ಟರು. ತಮ್ಮನ ಎರಡೂ ಕೈಗಳಿಗೆ ಬಟ್ಟೆ ಸುತ್ತಿತ್ತು, ತುಟಿ ಒಡೆದಿತ್ತು. ಡಾಕ್ಟರಮ್ಮ ಮಂಚದ ಪಕ್ಕ ಕೂತು, ಏನಾಗುತ್ತಿದೆ, ಯಾರ ಮಾತಾದರೂ ಕೇಳಿಸುತ್ತಿದೆಯೇ ಎಂದು ಮೆಲ್ಲಗೆ ಕೇಳುತ್ತಿದ್ದರು. ಅವನು ಬಾಯಿಗೆ ಬೀಗ ಹಾಕಿಕೊಂಡವನಂತೆ ಮಲಗಿದ್ದ. ನನ್ನನ್ನು ಕಂಡೊಡನೆ ಕಣ್ಣಲ್ಲೇ ಹತ್ತಿರ ಕರೆದ. ಬಗ್ಗಿದೆ. ಕಿವಿಯಲ್ಲಿ ಪಿಸುಗುಟ್ಟಿದ.

“ಅಕ್ಕ, ಇಲ್ಲಿ ಯಾರನ್ನ ಬಚ್ಚಿಡ್ಬೇಕು? ಬಾಟ್ಲಿನಾ, ಗಿರಾಕೀನಾ? ದಾರೀಲಿ ನೀನು ಹೇಳಿಕೊಡ್ಲೇ ಇಲ್ಲ.”

ಯಾರನ್ನೂ ಬೇಡ ಕಣೋ ಎಂದು ಹೇಗೋ ಹೇಳಿದೆ. ಅವನು ನಂಬಲಿಲ್ಲ. ಚಿಕ್ಕಂದಿನಿಂದಲೂ ಅವನು ಹಾಗೆಯೇ, ನಾನು ಹೇಳಿದ್ದನ್ನು ಕೇಳಿ, ಸರಿಯೋ ತಪ್ಪೋ ಎಂದು ಮಾವನ ಮುಖ ನೋಡುತ್ತಿದ್ದ. ಈಗಲೂ ಬಾಗಿಲ ಕಡೆ ನೋಡಿದ.

ಮಾವ ಅಲ್ಲಿಂದಲೇ ಹೇಳಿದರು. “ಇಲ್ಲಿ ಕೆರೆಯೋದು ಬೇಡ್ವಂತೆ ಮಗ. ಹೇಗಿದ್ದೀಯೋ ಹಾಗೇ ಇಟ್ಕೊಳ್ತಾರಂತೆ.”

ತಮ್ಮ ಬಹಳ ಹೊತ್ತು ಅವರನ್ನೇ ನೋಡಿದ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದ. “ಹಾಗಾದ್ರೆ ಇನ್ನೊಂದು ಕುರ್ಚಿ ಬೇಕಾಗುತ್ತೆ” ಎಂದ. “ಗಿರಾಕಿ ಬೆಳಿಗ್ಗೆಯಿಂದ ನಿಂತೇ ಇದ್ದಾನೆ.”

ಡಾಕ್ಟರಮ್ಮ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಮಾವ ಹಿಂದಕ್ಕೆ ಹೋಗಿ ಪಡಸಾಲೆಯಲ್ಲಿ ತಾವು ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಬಂದರು. ಮಂಚದ ಪಕ್ಕ ಇಟ್ಟರು. ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಒಂದು ಸಲ ಒರೆಸಿ, ಅದರಲ್ಲಿ ಯಾರೋ ಕೂರಲಿ ಎಂಬಂತೆ ಪಕ್ಕಕ್ಕೆ ಸರಿದು ನಿಂತರು.